ಜೀವಶಾಸ್ತ್ರದ ಪ್ರಶ್ನೆಪತ್ರಿಕೆ: ಒಂದು ಹಿನ್ನೋಟ

ಪರೀಕ್ಷೆಯ ದಿನಗಳು ಹತ್ತಿರ ಬಂದವೆಂದರೆ ನೌಪಾಡಾದ ನಮ್ಮ ಮನೆಗಳಲ್ಲಿ ಒಂದು ಬಗೆಯ ಮೌನ ನೆಲೆಸುತ್ತದೆ. ಟಿ.ವಿ. ಬಾಯಿ ಮುಚ್ಚುತ್ತದೆ. ಊರಿನಿಂದ ಬರಬೇಕಾದ ನೆಂಟರಿಗೆ ‘ಈಗ ಬೇಡ, ಮೇ ತಿಂಗಳು ಕಳೆಯಲಿ’ ಎಂದು ಫೋನು ಹೋಗುತ್ತದೆ. ಹನ್ನೆರಡನೆಯ ತರಗತಿಯಲ್ಲಿ ಜೀವಶಾಸ್ತ್ರ ತೆಗೆದುಕೊಂಡ ಮಗನೋ ಮಗಳೋ ಇದ್ದರಂತೂ ಕೇಳುವುದೇ ಬೇಡ. ವೈದ್ಯಕೀಯ ಪ್ರವೇಶದ ‘ನೀಟ್’ ಪರೀಕ್ಷೆಯ 180 ಪ್ರಶ್ನೆಗಳಲ್ಲಿ 90 ಜೀವಶಾಸ್ತ್ರದವು. 720 ಅಂಕಗಳಲ್ಲಿ 360 ಅಲ್ಲಿಂದಲೇ ಬರಬೇಕು. ತಪ್ಪು ಉತ್ತರಕ್ಕೆ ಒಂದು ಅಂಕ ಕಡಿತ ಬೇರೆ. ಮೇಜಿನ ಮೇಲೆ ಪ್ರಶ್ನಸಂಗ್ರಹಗಳು ಇಟ್ಟಿಗೆಯಂತೆ ಪೇರಿಸಿರುತ್ತವೆ. ಈ ಪ್ರಶ್ನೆಗಳ ರೂಢಿ ಎಲ್ಲಿಂದ ಬಂತು, ಜೀವದ ಬಗ್ಗೆ ನಿಜವಾದ ಪ್ರಶ್ನೆ ಕೇಳಿದವರು ಯಾರು, ನಮ್ಮ ಭಾಷೆಯಲ್ಲಿ ಅಂಥವರು ಇದ್ದರೇ ಎಂಬುದನ್ನು ತುಸು ಹಿಂದಿರುಗಿ ನೋಡುವುದು ಈ ಲೇಖನದ ಉದ್ದೇಶ.

ನಮ್ಮ ದೇಶದಲ್ಲಿ ಆಧುನಿಕ ವಿಶ್ವವಿದ್ಯಾಲಯ ಹುಟ್ಟಿದ್ದೇ ಪರೀಕ್ಷೆ ನಡೆಸುವ ಸಂಸ್ಥೆಯಾಗಿ. 1857ರ ಜುಲೈ 18ರಂದು ಸ್ಥಾಪನೆಯಾದ ಮುಂಬಯಿ ವಿಶ್ವವಿದ್ಯಾಲಯಕ್ಕೆ ಲಂಡನ್ ವಿಶ್ವವಿದ್ಯಾಲಯವೇ ಮಾದರಿ. ಪಾಠ ಹೇಳುವುದು ಕಾಲೇಜುಗಳ ಕೆಲಸ. ಪ್ರಶ್ನೆಪತ್ರಿಕೆ ತೆಗೆದು, ಪರೀಕ್ಷೆ ನಡೆಸಿ, ಪದವಿ ಕೊಡುವುದು ವಿಶ್ವವಿದ್ಯಾಲಯದ ಕೆಲಸ. ಕಲಿಸುವವರು ಒಬ್ಬರು, ಕೇಳುವವರು ಇನ್ನೊಬ್ಬರು. ಕಣ್ಣಿಗೆ ಕಾಣದ ಆ ಇನ್ನೊಬ್ಬರ ಮನಸ್ಸಿನಲ್ಲಿ ಏನಿದೆಯೆಂದು ಅಧ್ಯಾಪಕರೂ ವಿದ್ಯಾರ್ಥಿಗಳೂ ಸೇರಿ ಊಹಿಸುವುದೇ ಕ್ರಮೇಣ ವಿದ್ಯಾಭ್ಯಾಸವಾಯಿತು. ‘ಇದು ಪರೀಕ್ಷೆಗೆ ಬರುತ್ತದೆಯೇ ಸಾರ್?’ ಎಂಬ ಮಾತಿನ ಬೇರು ಅಷ್ಟು ಹಳೆಯದು.

ಮುಂಬಯಿಯ ಈ ಪ್ರಶ್ನೆಪತ್ರಿಕೆ ಕನ್ನಡನಾಡಿಗೂ ಹೋಗುತ್ತಿತ್ತು. 1917ರಲ್ಲಿ ಧಾರವಾಡದಲ್ಲಿ ಆರಂಭವಾದ ಕರ್ನಾಟಕ ಕಾಲೇಜು ಮುಂಬಯಿ ವಿಶ್ವವಿದ್ಯಾಲಯಕ್ಕೇ ಸೇರಿತ್ತು. ಬೆಳಗಾವಿ, ಬಿಜಾಪುರ, ಕಾರವಾರಗಳಿಂದ ಬಂದ ಹುಡುಗರು ಅಲ್ಲಿ ಓದಿ ಮುಂಬಯಿಯ ಪರೀಕ್ಷಕರಿಗೆ ಇಂಗ್ಲಿಷಿನಲ್ಲಿ ಉತ್ತರ ಬರೆದರು. ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದ್ದು 1949ರಲ್ಲಿ. ಅದೂ ಮೊದಲು ಮುಂಬಯಿಯಲ್ಲಿ ಕಣ್ಣುಬಿಟ್ಟು, ಮರುವರ್ಷ ಧಾರವಾಡಕ್ಕೆ ಹೋಯಿತು ಎಂಬುದನ್ನು ಇಲ್ಲಿನ ಕನ್ನಡಿಗರಾದ ನಾವು ನೆನಪಿನಲ್ಲಿಡಬೇಕು.

ಜೀವಶಾಸ್ತ್ರದ ಪ್ರಶ್ನೆಗಳಲ್ಲಿ ಎಲ್ಲರಿಗೂ ಪರಿಚಿತವಾದದ್ದು ‘ಭಾಗಗಳನ್ನು ಹೆಸರಿಸಿ ಚಿತ್ರ ಬರೆಯಿರಿ’ ಎಂಬುದು. ಇದಕ್ಕೂ ಮುಂಬಯಿಗೂ ಒಂದು ಸ್ವಾರಸ್ಯದ ನಂಟಿದೆ. ಜಗತ್ತಿನಾದ್ಯಂತ ವೈದ್ಯ ವಿದ್ಯಾರ್ಥಿಗಳು ಇಂದಿಗೂ ಹೆಸರಿಸುವ ಹೆನ್ರಿ ಗ್ರೇ ಅವರ ಅಂಗರಚನಾಶಾಸ್ತ್ರ ಗ್ರಂಥ 1858ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಅದರ ಚಿತ್ರಗಳನ್ನು ಬರೆದವರು ಹೆನ್ರಿ ವ್ಯಾಂಡೈಕ್ ಕಾರ್ಟರ್. ಪುಸ್ತಕ ಹೊರಬರುವ ಮೊದಲೇ ಅವರು ಹಡಗು ಹತ್ತಿ ಮುಂಬಯಿಗೆ ಬಂದು, 1845ರಲ್ಲಿ ಆರಂಭವಾಗಿದ್ದ ಗ್ರ್ಯಾಂಟ್ ಮೆಡಿಕಲ್ ಕಾಲೇಜಿನಲ್ಲಿ ಅಂಗರಚನೆ ಮತ್ತು ಶರೀರಕ್ರಿಯೆಗಳ ಪ್ರಾಧ್ಯಾಪಕರಾದರು. ಅದುವರೆಗಿನ ಅನೇಕ ಪುಸ್ತಕಗಳಲ್ಲಿ ಚಿತ್ರದ ಭಾಗಗಳಿಗೆ ಬರಿಯ ಅಕ್ಷರ, ಅಂಕಿಗಳ ಗುರುತು ಹಾಕಿ ಹೆಸರನ್ನು ಬೇರೆ ಕಡೆ ಕೊಡುತ್ತಿದ್ದರು. ಕಾರ್ಟರ್ ಎಲುಬಿನ ಹೆಸರನ್ನು ಎಲುಬಿನ ಮೇಲೆ, ರಕ್ತನಾಳದ ಹೆಸರನ್ನು ನಾಳದ ಗುಂಟವೇ ಬರೆದರು. ನೋಡಿದ ಕಣ್ಣಿಗೆ ಕೂಡಲೇ ತಿಳಿಯಲಿ ಎಂಬುದು ಅದರ ಹುರುಳು. ಕಲಿಯುವವನ ಅನುಕೂಲಕ್ಕೆ ಇದ್ದ ಈ ಉಪಾಯವೇ ಪರೀಕ್ಷೆಯ ಕೈಗೆ ಸಿಕ್ಕಿದಾಗ ಬಾಯಿಪಾಠದ ಸರಕಾದದ್ದು ವಿಧಿಯ ವಿನೋದ.

ಚೆಂದದ ಚಿತ್ರ ಬರೆದು ಪೂರ್ಣ ಅಂಕ ಪಡೆಯಬಹುದು, ನಿಜ. ಆದರೆ ಶರೀರಶಾಸ್ತ್ರ ಬೆಳೆದದ್ದು ಬೇರೆ ಬಗೆಯ ಪ್ರಶ್ನೆಯಿಂದ. ಎರಡನೆಯ ಶತಮಾನದ ಗ್ರೀಕ್ ವೈದ್ಯ ಗೇಲೆನ್ ಹೇಳಿದ ಪ್ರಕಾರ, ಉಂಡ ಅನ್ನದಿಂದ ಯಕೃತ್ತು ರಕ್ತವನ್ನು ತಯಾರಿಸುತ್ತದೆ, ಅಂಗಾಂಗಗಳು ಅದನ್ನು ಹೀರಿ ಮುಗಿಸುತ್ತವೆ. ಹದಿನಾಲ್ಕು ಶತಮಾನ ಯುರೋಪಿನಲ್ಲಿ ಇದೇ ವೇದವಾಕ್ಯ. 1628ರಲ್ಲಿ ವಿಲಿಯಂ ಹಾರ್ವೆ ಕೇಳಿದ್ದು ಒಂದೇ ಮಾತು: ‘ಎಷ್ಟು?’ ಹೃದಯ ಒಂದು ಬಡಿತಕ್ಕೆ ಎಷ್ಟು ರಕ್ತ ತಳ್ಳುತ್ತದೆ, ಅರ್ಧ ಗಂಟೆಗೆ ಎಷ್ಟು ಬಡಿತ?

ಇಂದಿನ ಅಂಕಿಗಳಲ್ಲಿ ಹೇಳುವುದಾದರೆ, ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರು. ನಿಮಿಷಕ್ಕೆ 72 ಬಡಿತ. ನಿಮಿಷಕ್ಕೆ ಸುಮಾರು 5 ಲೀಟರಾಯಿತು, ಗಂಟೆಗೆ 300 ಲೀಟರು. ಹೋಟೆಲಿಗೆ ಹಾಲು ಬರುವ 40 ಲೀಟರಿನ ಕ್ಯಾನಿನಲ್ಲಿ ತುಂಬಿದರೆ ಏಳೂವರೆ ಕ್ಯಾನು! ಮೈಯಲ್ಲಿರುವ ಒಟ್ಟು ರಕ್ತವೇ 5 ಲೀಟರು. ಯಾರು ಎಷ್ಟು ಉಂಡರೂ ಗಂಟೆಗೆ ಏಳೂವರೆ ಕ್ಯಾನು ರಕ್ತ ಹೊಸದಾಗಿ ಹುಟ್ಟುವುದುಂಟೇ? ಇಲ್ಲವೆಂದ ಮೇಲೆ ಅದೇ ರಕ್ತ ಸುತ್ತಿ ಸುತ್ತಿ ಬರುತ್ತಿರಬೇಕು. ಇದಕ್ಕೆ ಬೇಕಾದದ್ದು ಐದನೆಯ ಇಯತ್ತೆಯ ಗುಣಾಕಾರ ಮತ್ತು ಗುರುವಾಕ್ಯವನ್ನು ಅಳೆದು ನೋಡುವ ಧೈರ್ಯ. ಹೋಗುವ ನಾಳಕ್ಕೂ ಬರುವ ನಾಳಕ್ಕೂ ನಡುವಣ ಕೊಂಡಿ ಹಾರ್ವೆಗೆ ಕಾಣಲಿಲ್ಲ. ಅವರು ತೀರಿಕೊಂಡ ಮೇಲೆ, 1661ರಲ್ಲಿ, ಮಾಲ್ಪೀಗಿ ಎಂಬ ಇಟಲಿಯ ವಿಜ್ಞಾನಿ ಕಪ್ಪೆಯ ಶ್ವಾಸಕೋಶದಲ್ಲಿ ಸೂಕ್ಷ್ಮದರ್ಶಕದ ಮೂಲಕ ಆ ಕೂದಲೆಳೆಯ ನಾಳಗಳನ್ನು ಕಂಡರು. ಒಳ್ಳೆಯ ಪ್ರಶ್ನೆ ಕೇಳಿದವನಿಗಿಂತ ಹೆಚ್ಚು ಕಾಲ ಬಾಳುತ್ತದೆ.

ಇಂಥ ಪ್ರಶ್ನೆಗಾಗಿ ದೂರದ ಲಂಡನ್ನಿಗೇ ಹೋಗಬೇಕಾಗಿಲ್ಲ. ಠಾಣೆಯಿಂದ ರೈಲು ಹತ್ತಿದರೆ ಸಿಗುವ ಕಲ್ಯಾಣದಲ್ಲಿ 1865ರ ಮಾರ್ಚ್ 31ರಂದು ಹುಟ್ಟಿದವರು ಆನಂದೀಬಾಯಿ ಜೋಶಿ. ಹದಿನಾಲ್ಕನೆಯ ವಯಸ್ಸಿನಲ್ಲಿ ತಾಯಿಯಾದರು. ತಕ್ಕ ವೈದ್ಯೋಪಚಾರವಿಲ್ಲದೆ ಕೂಸು ಹತ್ತೇ ದಿನ ಬದುಕಿತು. ಹೆಂಗಸರ ರೋಗಕ್ಕೆ ಹೆಂಗಸರೇ ವೈದ್ಯರಾಗಿ ಏಕೆ ಇಲ್ಲ ಎಂಬ ಪ್ರಶ್ನೆ ಅವರನ್ನು 1883ರಲ್ಲಿ ಅಮೆರಿಕಕ್ಕೆ ಒಯ್ದಿತು. ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಿಂದ 1886ರಲ್ಲಿ ಎಂ.ಡಿ. ಪದವಿ ಪಡೆದರು. ಪ್ರಬಂಧಕ್ಕೆ ಅವರು ಆರಿಸಿಕೊಂಡ ವಿಷಯ ಆರ್ಯ ಹಿಂದೂಗಳ ಪ್ರಸೂತಿ ವಿದ್ಯೆ. ಪರದೇಶದ ಕಾಲೇಜಿನಲ್ಲಿ ಪರಭಾಷೆಯಲ್ಲಿ ಓದಿದರೂ ಪ್ರಶ್ನೆಯನ್ನು ಮನೆಯಿಂದಲೇ ಕೊಂಡೊಯ್ದಿದ್ದರು. ಕೊಲ್ಹಾಪುರದ ಆಸ್ಪತ್ರೆಯಲ್ಲಿ ಕೆಲಸ ಕಾದಿತ್ತು. ಆದರೆ ಕ್ಷಯ ಬಿಡಲಿಲ್ಲ. 1887ರ ಫೆಬ್ರವರಿಯಲ್ಲಿ, ಇಪ್ಪತ್ತೆರಡು ತುಂಬುವ ಮೊದಲೇ, ತೀರಿಕೊಂಡರು.

ಇನ್ನು ಕನ್ನಡದ ಮಾತು. 1918ರಲ್ಲಿ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ವೆಂಬ ಮಾಸಪತ್ರಿಕೆ ಹೊರಡಿಸಿದರು. ಅದು ಬಹುಕಾಲ ನಡೆಯಲಿಲ್ಲವಾದರೂ ಕನ್ನಡದಲ್ಲಿ ಶಾಸ್ತ್ರವಿಚಾರ ಬರೆಯಲಾಗದು ಎಂಬ ಮಾತನ್ನು ಸುಳ್ಳಾಗಿಸಿತು. ಮುಂದೆ ಶಿವರಾಮ ಕಾರಂತರು ಒಬ್ಬರೇ ಕುಳಿತು ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟ ಬರೆದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಬಿ.ಜಿ.ಎಲ್. ಸ್ವಾಮಿಯವರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡುಮೇಡು ಅಲೆದ ಅನುಭವವನ್ನು ‘ಹಸುರು ಹೊನ್ನು’ವಿನಲ್ಲಿ ಹೇಳಿದರು; 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಅಲ್ಲಿ ಪ್ರಶ್ನೆ ಹುಟ್ಟುವುದು ಗಿಡದ ಮುಂದೆ ನಿಂತಾಗ. ವೈದ್ಯೆಯಾಗಿದ್ದ ಅನುಪಮಾ ನಿರಂಜನರ ‘ತಾಯಿ ಮಗು’ವಂತೂ ಬಸುರಿ, ಬಾಣಂತಿಯರು ಬಾಯಿಬಿಟ್ಟು ಕೇಳಲಾರದ ಪ್ರಶ್ನೆಗಳಿಗೆ ತಿಳಿಗನ್ನಡದಲ್ಲಿ ಉತ್ತರ ಹೇಳಿತು. ಕಲ್ಯಾಣದ ಆ ಬಾಲೆಯ ಪ್ರಶ್ನೆಗೆ ನಮ್ಮ ಭಾಷೆಯಲ್ಲಿ ದೊರೆತ ಉತ್ತರಗಳಲ್ಲಿ ಇದೂ ಒಂದು ಎನ್ನಬಹುದು.

ಮುಂಬಯಿ ಕನ್ನಡಿಗರ ಪಾಡು ಇನ್ನೊಂದು ಬಗೆಯದು. ಹಗಲೆಲ್ಲ ಹೋಟೆಲಿನಲ್ಲಿ ದುಡಿದು ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತ ಹುಡುಗರು ಕಾಲೇಜು ಮೆಟ್ಟಿಲು ಹತ್ತಿದಾಗ ಕಲಿತ ಪದಗಳನ್ನೆಲ್ಲ ಕೆಳಗಿಟ್ಟು ಇಂಗ್ಲಿಷಿನಲ್ಲಿ ಮತ್ತೆ ಕಲಿಯಬೇಕಾಯಿತು. ಪದಗಳ ತೊಡಕು ಸಣ್ಣದಲ್ಲ. ಮನೆಯಲ್ಲಿ ನಾವು ‘ನರ’ ಎನ್ನುತ್ತೇವೆ. ಸೂಜಿ ಚುಚ್ಚುವ ನರ್ಸಿಗೆ ‘ನರ ಸಿಗಲಿಲ್ಲ’ ಎಂದಾಗ ಅದು ರಕ್ತನಾಳ. ಕತ್ತು ಉಳುಕಿ ‘ನರ ಹಿಡಿದುಕೊಂಡಿದೆ’ ಎಂದಾಗ ಅದು ಸ್ನಾಯು. ಪಠ್ಯಪುಸ್ತಕದಲ್ಲಾದರೋ ಮಿದುಳಿನ ಸುದ್ದಿ ಒಯ್ಯುವ ತಂತು. ಹೃದಯದಿಂದ ರಕ್ತ ಒಯ್ಯುವುದು ಪುಸ್ತಕದ ಕನ್ನಡದಲ್ಲಿ ಅಪಧಮನಿ, ಹೃದಯಕ್ಕೆ ತರುವುದು ಅಭಿಧಮನಿ. ಎರಡಕ್ಕೂ ಒಂದಕ್ಷರದ ಅಂತರ! ಪಕ್ಕದ ಮನೆಯ ಮರಾಠಿ ಹುಡುಗಿ ಮೊದಲನೆಯದನ್ನು ‘ರೋಹಿಣಿ’ ಎಂದು ಓದುತ್ತಾಳೆ. ಮೂರು ಭಾಷೆಗಳ ನಡುವೆ ಬೆಳೆದ ನೌಪಾಡಾದ ಕನ್ನಡ ಹುಡುಗನಿಗೆ ಅರ್ಥವಾಗದಿದ್ದರೂ ಉರು ಹೊಡೆಯುವುದೇ ಸುಲಭವೆಂದು ತೋರಿದರೆ ಆಶ್ಚರ್ಯವಿಲ್ಲ.

2017ರಿಂದ ‘ನೀಟ್’ ಪ್ರಶ್ನೆಪತ್ರಿಕೆ ಕನ್ನಡದಲ್ಲಿಯೂ ದೊರೆಯುತ್ತಿದೆ. ಅದು ಸಂತೋಷದ ಸಂಗತಿಯೇ. ಆದರೆ ಕನ್ನಡದ ಪತ್ರಿಕೆ ಕರ್ನಾಟಕದ ಕೇಂದ್ರಗಳಿಗೆ ಮಾತ್ರ ಮೀಸಲು. ಠಾಣೆಯಲ್ಲಿ ಮರಾಠಿ ಸಿಕ್ಕೀತು, ಕನ್ನಡ ಸಿಗದು. ನಮ್ಮ ಮಕ್ಕಳಲ್ಲಿ ಬಹುಪಾಲು ಇಂಗ್ಲಿಷ್ ಮಾಧ್ಯಮದವರೇ ಆದ್ದರಿಂದ ಇದಕ್ಕಾಗಿ ಗೋಳಾಡುವವರು ಕಡಿಮೆ. ನಮ್ಮ ಚಿಂತೆ ಬೇರೆ. ತೊಂಬತ್ತು ಪ್ರಶ್ನೆಗಳಿಗೂ ಸರಿಯಾದ ಗುರುತು ಹಾಕಬಲ್ಲ ಹುಡುಗಿಯನ್ನು ಮನೆಯ ಅಜ್ಜಿ, ‘ಇವತ್ತು ತಲೆ ಸುತ್ತುತ್ತಾ ಇಲ್ವಲ್ಲ ಮಗಾ, ಬಿ.ಪಿ. ಮಾತ್ರೆ ಯಾಕೆ ನುಂಗಬೇಕು?’ ಎಂದು ಕೇಳಿದರೆ ಉತ್ತರ ಹೊರಡುವುದಿಲ್ಲ. ಗೊತ್ತಿಲ್ಲವೆಂದಲ್ಲ, ಹೇಳುವ ಕನ್ನಡವಿಲ್ಲ. ರಕ್ತದ ಒತ್ತಡ ಏರಿದ್ದು ಅನೇಕರಿಗೆ ತಿಳಿಯುವುದೇ ಇಲ್ಲ, ತಲೆಸುತ್ತು ಇರಲಿ ಇಲ್ಲದಿರಲಿ ಅದು ನಾಳಗಳ ಗೋಡೆಯನ್ನೂ ಹೃದಯವನ್ನೂ ಮೂತ್ರಪಿಂಡವನ್ನೂ ಸದ್ದಿಲ್ಲದೆ ಸವೆಸುತ್ತದೆ ಎಂದು ಯಾರೂ ತಿಳಿಯ ಹೇಳದ ಕಾರಣ ಅಜ್ಜಿ ಮಾತ್ರೆ ಬಿಡುತ್ತಾರೆ. ಇಲ್ಲಿ ಕಳೆದುಹೋಗುವುದು ಅಂಕವಲ್ಲ.

ನಮ್ಮ ಸಂಘಗಳು ಪ್ರತಿವರ್ಷ ಹೆಚ್ಚು ಅಂಕ ಪಡೆದ ಮಕ್ಕಳಿಗೆ ಶಾಲು, ಫಲಕ ಕೊಟ್ಟು ಗೌರವಿಸುತ್ತವೆ. ಅದು ನಡೆಯಲಿ. ಅದರೊಡನೆ ತಿಂಗಳಿಗೊಮ್ಮೆ, ಭಾನುವಾರ ಒಂದು ಗಂಟೆ, ಹಿರಿಯರು ತಮ್ಮ ಮೈಯ ಬಗ್ಗೆ ಕನ್ನಡದಲ್ಲೋ ತುಳುವಿನಲ್ಲೋ ಕೊಂಕಣಿಯಲ್ಲೋ ಪ್ರಶ್ನೆ ಕೇಳಲಿ. ಜೀವಶಾಸ್ತ್ರ ಓದುವ ಮಕ್ಕಳು ಅದೇ ಭಾಷೆಯಲ್ಲಿ ವಿವರಿಸಲಿ. ನಮ್ಮವರೇ ಆದ ಒಬ್ಬ ವೈದ್ಯರು ಪಕ್ಕದಲ್ಲಿ ಕುಳಿತು ತಿದ್ದಲಿ. ಅಂಕವಿಲ್ಲ, ಕಡಿತವಿಲ್ಲ. ಮೊದಲ ಸಭೆಗೆ ಅಜ್ಜಿಯ ಮಾತ್ರೆಯ ಪ್ರಶ್ನೆಯನ್ನೇ ಎತ್ತಿಕೊಳ್ಳಬಹುದೆಂದು ನಮ್ಮ ಸೂಚನೆ.