ವಿಕಿರಣ ಚಿಕಿತ್ಸೆಯ ನಂತರದ ಬಾಯಿ ಆರೈಕೆ

ತಲೆ, ಕುತ್ತಿಗೆ ಭಾಗದ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಪಡೆದವರು ಹಲ್ಲು, ಒಸಡು, ದವಡೆಗಳನ್ನು ಉಳಿಸಿಕೊಳ್ಳಲು ಜೀವನಪೂರ್ತಿ ಪಾಲಿಸಬೇಕಾದ ಆರೈಕೆಯ ಕ್ರಮ. ಎಲೆಅಡಿಕೆ, ಹೊಗೆಸೊಪ್ಪು, ಗುಟ್ಕಾ ಜಗಿಯುವ ಅಭ್ಯಾಸ ಹರಡಿರುವ ಭಾರತದಲ್ಲಿ ಬಾಯಿ ಕ್ಯಾನ್ಸರ್ ಗಂಡಸರಲ್ಲಿ ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರುಗಳಲ್ಲೊಂದು. ಜಗಿದದ್ದನ್ನು ಒತ್ತರಿಸಿಡುವ ಕೆನ್ನೆ ಮತ್ತು ಕೆಳ ಒಸಡಿನ ಸಂದಿಯಲ್ಲೇ ಅದು ಹೆಚ್ಚು. ಹೀಗಾಗಿ ಜನ ‘ಕರೆಂಟ್ ಕೊಡುವುದು’ ಎನ್ನುವ ಈ ಚಿಕಿತ್ಸೆಯ ಕಿರಣಗಳು ಲಾಲಾಗ್ರಂಥಿ, ದವಡೆಗಳ ಮೇಲೂ ಬೀಳುತ್ತವೆ.

ಸಾಮಾನ್ಯವಾಗಿ ಆರೇಳು ವಾರಗಳಲ್ಲಿ 60ರಿಂದ 70 ಗ್ರೇ (ವಿಕಿರಣದ ಪ್ರಮಾಣ ಅಳೆಯುವ ಮಾನ) ವಿಕಿರಣ ಕೊಡುತ್ತಾರೆ. ಕಿವಿಯ ಮುಂದಿರುವ ಪೆರೋಟಿಡ್ ಗ್ರಂಥಿಗೆ ಸರಾಸರಿ 26 ಗ್ರೇಗಿಂತ ಹೆಚ್ಚು ತಗುಲಿದರೆ ಅದು ಮತ್ತೆ ಚೇತರಿಸಿಕೊಳ್ಳುವುದು ಕಷ್ಟ. ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರಿನವರೆಗೆ ಊರುತ್ತಿದ್ದ ಜೊಲ್ಲು ತೀರಾ ಕಡಿಮೆಯಾಗಿ, ಅಂಟಂಟಾಗುತ್ತದೆ. ಒಣರೊಟ್ಟಿ ಗಂಟಲಿಗಿಳಿಯದು, ಖಾರ ತಡೆಯಲಾಗದು. ಗಂಜಿ, ತಿಳಿಸಾರಿನಲ್ಲಿ ಕಲಸಿದ ಮೆತ್ತನೆ ಅನ್ನ, ಆಗಾಗ ಗುಟುಕು ನೀರು ಇವುಗಳಿಂದ ಊಟ ಸಾಗುತ್ತದೆ. ಉಪ್ಪು ಮತ್ತು ಅಡುಗೆ ಸೋಡಾ ಬೆರೆಸಿದ ನೀರಿನಿಂದ ಬಾಯಿ ಮುಕ್ಕಳಿಸುವುದು ಹಿತ. ಆಲ್ಕೋಹಾಲ್ ಇರುವ ಮೌತ್‌ವಾಷ್ ಬೇಡ.

ಜೊಲ್ಲಿನ ಕಾವಲು ತಪ್ಪಿದ ಹಲ್ಲು ಬೇಗ ಹುಳುಕಾಗುತ್ತದೆ. ಸಾಮಾನ್ಯ ಹುಳುಕಿನಂತೆ ಜಗಿಯುವ ಮೇಲ್ಮೈಯಲ್ಲಲ್ಲ, ಒಸಡಿನ ಅಂಚಿನಲ್ಲಿ ಸುತ್ತಲೂ ಕೊರೆಯುತ್ತ ಹೋಗಿ, ಹಲವೊಮ್ಮೆ ನೋವೇ ಇಲ್ಲದೆ ಹಲ್ಲಿನ ಮೇಲ್ಭಾಗ ಮುರಿದುಬೀಳುತ್ತದೆ. ಇದಕ್ಕೆ ತಡೆಯೆಂದರೆ ಫ್ಲೋರೈಡ್. ಅಳತೆಗೆ ಮಾಡಿಸಿದ ಟ್ರೇಯಲ್ಲಿ 1.1% ಸೋಡಿಯಂ ಫ್ಲೋರೈಡ್ ಜೆಲ್ ತುಂಬಿ, ದಿನವೂ ಐದರಿಂದ ಹತ್ತು ನಿಮಿಷ ಹಲ್ಲಿಗೆ ಹಾಕಿಕೊಂಡು ಉಗಿಯಬೇಕು. ಆಮೇಲೆ ಅರ್ಧ ಗಂಟೆ ಏನನ್ನೂ ತಿನ್ನಬಾರದು, ಕುಡಿಯಬಾರದು. ಕೋಲಾರ, ಪಾವಗಡದ ಕಡೆ ಕೊಳವೆಬಾವಿ ನೀರಿನ ಫ್ಲೋರೈಡಿನಿಂದ ಹಲ್ಲು ಕಂದಾದದ್ದನ್ನು ಕಂಡವರು ಈ ಹೆಸರು ಕೇಳಿದರೆ ಹಿಂಜರಿಯುವುದು ಸಹಜ. ಆದರೆ ಆ ನೀರು ಬಾಲ್ಯದಿಂದ ಹೊಟ್ಟೆಗೆ ಹೋದದ್ದು; ಈ ಜೆಲ್ ನುಂಗುವಂಥದಲ್ಲ.

ಎಲ್ಲಕ್ಕಿಂತ ಹೆಚ್ಚಿನ ಅಪಾಯ ಮೂಳೆಯದು. ವಿಕಿರಣ ಬಿದ್ದ ದವಡೆಯಲ್ಲಿ ರಕ್ತನಾಳ, ಜೀವಕೋಶ, ಆಮ್ಲಜನಕ ಮೂರೂ ಕ್ಷೀಣಿಸುವುದರಿಂದ ಗಾಯ ಮಾಯುವುದಿಲ್ಲ ಎಂದು ಅಮೆರಿಕದ ಶಸ್ತ್ರವೈದ್ಯ ರಾಬರ್ಟ್ ಮಾರ್ಕ್ಸ್ 1983ರಲ್ಲಿ ವಿವರಿಸಿದರು. ಮೂಳೆ ಹೊರಗೆ ಕಾಣಿಸಿಕೊಂಡು ಮೂರು ತಿಂಗಳಾದರೂ ಮುಚ್ಚದಿದ್ದರೆ, ಕ್ಯಾನ್ಸರ್ ಮರುಕಳಿಸಿಲ್ಲವೆಂದು ಖಚಿತಪಡಿಸಿಕೊಂಡು, ಅದನ್ನು ವಿಕಿರಣಜನ್ಯ ಮೂಳೆಕೊಳೆತವೆಂದು ಗುರುತಿಸುತ್ತಾರೆ. ಇದು ಮೇಲ್ದವಡೆಗಿಂತ ಕೆಳದವಡೆಯಲ್ಲಿ ಹೆಚ್ಚು; ಹಲವರಲ್ಲಿ ಇದಕ್ಕೆ ನಿಮಿತ್ತ ಹಲ್ಲು ಕೀಳಿಸುವುದು. ವರ್ಷಗಳು ಕಳೆದವೆಂದು ಈ ಅಪಾಯ ಇಲ್ಲವಾಗುವುದಿಲ್ಲ. ಕಾಯಿಲೆ ವಾಸಿಯಾಯಿತೆಂಬ ನೆಮ್ಮದಿಯಲ್ಲಿ, ಹಳೆಯ ಚಿಕಿತ್ಸೆಯ ಮಾತನ್ನೇ ಎತ್ತದೆ ಹತ್ತಿರದ ಕ್ಲಿನಿಕ್ಕಿನಲ್ಲಿ ಹಲ್ಲು ಕೀಳಿಸಿಕೊಳ್ಳುವುದೇ ದೊಡ್ಡ ತಪ್ಪು. ಉಳಿಯದ ಹಲ್ಲುಗಳನ್ನು ವಿಕಿರಣಕ್ಕೆ ಎರಡು ವಾರವಾದರೂ ಮುಂಚೆ ತೆಗೆಸಬೇಕು. ಆಮೇಲೆ ಕೆಟ್ಟರೆ, ಸಾಧ್ಯವಿದ್ದಲ್ಲಿ ಬೇರುನಾಳ ಚಿಕಿತ್ಸೆ ಮಾಡಿ ಬೇರನ್ನು ಹಾಗೇ ಉಳಿಸುವುದು ಲೇಸು. ಒತ್ತಡದ ಆಮ್ಲಜನಕ ಕೊಟ್ಟು ಕಿತ್ತರೆ ಸುರಕ್ಷಿತ ಎಂಬ ನಂಬಿಕೆ ಬಹುಕಾಲ ಇತ್ತು. 2019ರಲ್ಲಿ ಪ್ರಕಟವಾದ ಹೋಪಾನ್ ಪ್ರಯೋಗದಲ್ಲಿ ಅದರಿಂದ ಲಾಭ ಕಾಣಲಿಲ್ಲ.

ಬಾಯಿ 35 ಮಿಲಿಮೀಟರಿಗಿಂತ ಕಡಿಮೆ ತೆರೆದರೆ ಅದು ದವಡೆ ಬಿಗಿತ. ಗುಟ್ಕಾದಿಂದ ಕೆನ್ನೆ ಮೊದಲೇ ಗಡುಸಾಗಿದ್ದವರಲ್ಲಿ ಇದು ಬೇಗ ಬಿಗಡಾಯಿಸುತ್ತದೆ. ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಸೇರಿಸಿ ಹಲ್ಲುಗಳ ನಡುವೆ ಇಡುವ ವ್ಯಾಯಾಮವನ್ನು ಬಿಗಿತ ಬರುವ ಮುನ್ನವೇ ಶುರುಮಾಡುವುದು ಒಳ್ಳೆಯದು. ನಾಲಿಗೆ ಮೇಲೆ ಬಿಳಿ ಪದರ, ಉರಿ ಕಂಡರೆ ಶಿಲೀಂಧ್ರ ಸೋಂಕಿರಬಹುದು; ಔಷಧಿ ಇದೆ.

ಬಾಯಿಗೆ ಸಂಬಂಧವೇ ಇಲ್ಲದ ಸ್ತನ, ಪ್ರಾಸ್ಟೇಟ್ ಕ್ಯಾನ್ಸರುಗಳಲ್ಲೂ, ರೋಗ ಮೂಳೆಗೆ ಹರಡಿದಾಗ ಕೊಡುವ ಜೊಲೆಡ್ರೋನಿಕ್ ಆಮ್ಲ, ಡೆನೊಸುಮ್ಯಾಬ್ ಔಷಧಗಳಿಂದ, ವಿಕಿರಣವಿಲ್ಲದೆಯೂ ದವಡೆ ಮೂಳೆ ಕೊಳೆಯಬಹುದು. ಅವುಗಳ ಮೊದಲ ಚುಚ್ಚುಮದ್ದಿಗೆ ಮುಂಚೆಯೇ ದಂತವೈದ್ಯರ ತಪಾಸಣೆ ಆಗಬೇಕು.