ಒಳಗಿವಿಯ ರೋಗಗಳು: ಕಾರಣ ಮತ್ತು ಪತ್ತೆಯ ಚರಿತ್ರೆ

ಒಳಗಿವಿಗೆ ಎರಡು ಕೆಲಸ: ಕೇಳುವುದು, ಮೈಯ ಸಮತೋಲ ಕಾಯುವುದು. ಮೊದಲನೆಯದು ಕಾಕ್ಲಿಯಾದ್ದು, ಎರಡನೆಯದು ಮೂರು ಅರ್ಧವೃತ್ತ ನಾಳಗಳು ಮತ್ತು ಅವುಗಳ ಬುಡದ ಎರಡು ಚೀಲಗಳದ್ದು. ಇವು ಕೆಟ್ಟರೆ ಕಿವುಡು, ಕಿವಿಯಲ್ಲಿ ಗುಂಯ್‌ಗುಡುವ ಸದ್ದು, ತಲೆಸುತ್ತು ಕಾಣಿಸಿಕೊಳ್ಳುತ್ತವೆ.

ಸುಶ್ರುತ ಸಂಹಿತೆ 28 ಕರ್ಣರೋಗಗಳನ್ನು ಹೇಳುತ್ತದೆ. ಕಿವುಡೂ ಕರ್ಣನಾದವೂ ಅದರಲ್ಲಿವೆ. ತಲೆಸುತ್ತನ್ನು ಮಾತ್ರ ಕಿವಿಗೆ ಯಾರೂ ಅಂಟಿಸಿರಲಿಲ್ಲ. ನಮ್ಮ ಊರುಗಳಲ್ಲಿ ಇಂದಿಗೂ ಅದು ಪಿತ್ತ, ಇಲ್ಲವೇ ಬಿ.ಪಿ. ಯುರೋಪಿನಲ್ಲೂ ಅದನ್ನು ಮಿದುಳಿಗೆ ರಕ್ತ ನುಗ್ಗಿದ್ದೆಂದು ತಿಳಿದು ರಕ್ತ ಹರಿಸುತ್ತಿದ್ದರು. 1824ರಲ್ಲಿ ಶರೀರಶಾಸ್ತ್ರಜ್ಞ ಫ್ಲೂರಾನ್ಸ್ ಪಾರಿವಾಳಗಳ ಅರ್ಧವೃತ್ತ ನಾಳ ಕತ್ತರಿಸಿದಾಗ ಅವು ಗಿರಗಿರನೆ ತಿರುಗಿದವು. ಆದರೂ ವೈದ್ಯರು ಒಪ್ಪುವ ಮಾತು ಬಂದದ್ದು 1861ರಲ್ಲಿ. ಪ್ಯಾರಿಸ್ಸಿನ ಕಿವುಡ-ಮೂಕರ ಸಂಸ್ಥೆಯ ವೈದ್ಯ ಪ್ರಾಸ್ಪರ್ ಮೆನಿಯೇರ್, ಕಿವುಡು ಮತ್ತು ಸದ್ದಿನ ಜೊತೆ ಬರುವ ತಲೆಸುತ್ತಿಗೆ ಮೂಲ ಒಳಗಿವಿಯೇ ಎಂದು ವಾದಿಸಿದ. ಮರುವರ್ಷವೇ ತೀರಿಕೊಂಡ. ಒಳಗಿವಿಯ ದ್ರವ ಹೆಚ್ಚಿ ಪೊರೆ ಉಬ್ಬಿರುವುದನ್ನು ಲಂಡನ್ನಿನಲ್ಲೂ ಜಪಾನಿನಲ್ಲೂ ಈ ರೋಗವಿದ್ದು ಸತ್ತವರ ಕಿವಿಯಲ್ಲಿ ಕಂಡದ್ದು 1938ರಲ್ಲಿ.

ಪತ್ತೆಯ ಚರಿತ್ರೆಯ ಸೊಗಸಾದ ಭಾಗವೆಂದರೆ, ಮೂಳೆಯೊಳಗೆ ಹುದುಗಿದ ಈ ಅಂಗವನ್ನು ವೈದ್ಯರು ಕಣ್ಣಿನ ಮೂಲಕ ಓದಲು ಕಲಿತದ್ದು. ವಿಯೆನ್ನಾದ ರಾಬರ್ಟ್ ಬಾರಾನಿ ರೋಗಿಗಳ ಕಿವಿಗೆ ನೀರು ಬಿಟ್ಟು ತೊಳೆಯುವಾಗ, ತಣ್ಣೀರಿಗೆ ಕಣ್ಣುಗುಡ್ಡೆ ಒಂದು ಕಡೆಗೂ ಬಿಸಿನೀರಿಗೆ ಇನ್ನೊಂದು ಕಡೆಗೂ ಅದುರುವುದನ್ನು ಗಮನಿಸಿದ. ಅದುರದಿದ್ದರೆ ಆ ಬದಿಯ ಒಳಗಿವಿ ಕೆಲಸ ಮಾಡುತ್ತಿಲ್ಲವೆಂದು ಅನುಮಾನಿಸಬಹುದು. 1914ರ ನೊಬೆಲ್ ಬಹುಮಾನದ ಸುದ್ದಿ ಮುಟ್ಟಿದಾಗ ಆತ ರಷ್ಯನ್ನರ ಯುದ್ಧಕೈದಿ. 1952ರಲ್ಲಿ ಡಿಕ್ಸ್ ಮತ್ತು ಹಾಲ್‌ಪೈಕ್ ರೋಗಿಯ ತಲೆ ತಿರುಗಿಸಿ ಥಟ್ಟನೆ ಮಲಗಿಸುವ ಪರೀಕ್ಷೆಯನ್ನು ವಿವರಿಸಿದರು. ಮಗ್ಗುಲು ಬದಲಿಸಿದಾಗ ಅರೆಕ್ಷಣ ಮನೆಯೇ ತಿರುಗಿದಂತಾಗುವವರಿಗೆ ಇದು ಇಂದಿಗೂ ಮೊದಲ ಪರೀಕ್ಷೆ. ಯಂತ್ರ ಬೇಡ, ಮಂಚ ಸಾಕು. ಜಾಗ ಬಿಟ್ಟು ನಾಳಕ್ಕೆ ಜಾರಿದ ಸುಣ್ಣದ ಹರಳುಗಳೇ ಈ ತಲೆಸುತ್ತಿಗೆ ಕಾರಣ. ತಲೆಯನ್ನು ಹಂತಹಂತವಾಗಿ ಹೊರಳಿಸಿ ಅವನ್ನು ಮರಳಿಸುವ, ಎಪ್ಲಿ ಎಂಬ ವೈದ್ಯನ ವಿಧಾನ 1992ರಲ್ಲಿ ಪ್ರಕಟವಾಯಿತು. ಇಷ್ಟು ಸರಳ ರೋಗಕ್ಕೆ ಸ್ಕ್ಯಾನು, ಗ್ಲೂಕೋಸು ಎಂದು ಜನ ಅಲೆಯುವುದು ಬೇಸರದ ಸಂಗತಿ.

ಮದ್ದೂ ಒಳಗಿವಿಯನ್ನು ಕೆಡಿಸೀತು. 1943ರಲ್ಲಿ ದೊರೆತ ಸ್ಟ್ರೆಪ್ಟೋಮೈಸಿನ್ ಕ್ಷಯರೋಗಿಗಳ ಪ್ರಾಣ ಉಳಿಸಿತು, ಕೆಲವರ ಸಮತೋಲವನ್ನು ಕಸಿಯಿತು. ಅದೇ ಬಳಗದ ಕಾನಾಮೈಸಿನ್ ಕಿವುಡು ತರಬಲ್ಲದು. ಇನ್ನೊಂದು ಕಾರಣ ಗದ್ದಲ. ಹೈದರಾಬಾದ್ ಹೆದ್ದಾರಿಯ ಪೆರೇಸಂದ್ರದ ಸುತ್ತಲಿನ ಸೀಮೆ ಕಲ್ಲು ಕ್ವಾರಿ, ಜಲ್ಲಿ ಕ್ರಷರುಗಳದ್ದು. ಅಂಥ ಕಡೆ ದಿನವಿಡೀ 85 ಡೆಸಿಬೆಲ್ ದಾಟಿದ ಸದ್ದಿನಲ್ಲಿ ವರ್ಷಗಟ್ಟಲೆ ದುಡಿದರೆ ಕಾಕ್ಲಿಯಾದ ಕೂದಲುಕೋಶಗಳು ಸಾಯುತ್ತವೆ, ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ಕೀಚಲು ಸ್ವರ. ಮಾತು ಕೇಳಿಸುತ್ತಲೇ ಇರುವುದರಿಂದ ಕೆಲಸಗಾರನಿಗೆ ಬೇಗ ಗೊತ್ತಾಗುವುದಿಲ್ಲ. ಅಕ್ಕನ ಮಗಳನ್ನು ತಂದುಕೊಳ್ಳುವ ರೂಢಿಯಿರುವ ನಮ್ಮಲ್ಲಿ ಹುಟ್ಟುಕಿವುಡಿನ ಚರ್ಚೆಗೆ ವಂಶವಾಹಿಯೂ ಸೇರಬೇಕು. ತಂದೆತಾಯಿ ಇಬ್ಬರಿಂದಲೂ ದೋಷ ಬಂದಾಗ ಕಿವುಡು ತರುವ ಕನೆಕ್ಸಿನ್ 26 ವಂಶವಾಹಿ 1997ರಲ್ಲಿ ಗುರುತಾಯಿತು.

ಕರ್ನಾಟಕದಲ್ಲಿ ಶ್ರವಣ ಪರೀಕ್ಷೆಯ ವಿದ್ಯೆಗೆ ನೆಲೆ ಸಿಕ್ಕಿದ್ದು 1965ರಲ್ಲಿ, ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿಂದ. ದೇಶದ ಅನೇಕ ಶ್ರವಣತಜ್ಞರು ಅಲ್ಲಿ ಕಲಿತವರು. ಕೇಳುವ ಶಕ್ತಿ ಅಳೆಯುವ ಆಡಿಯೋಮೀಟರಿನ ಜೊತೆಗೆ ನರದ ಪ್ರತಿಕ್ರಿಯೆ ಅಳೆಯುವ ಬೇರಾ ಪರೀಕ್ಷೆ ಬಂತು. ಕಿವಿಯೇ ಹೊರಡಿಸುವ ಸಣ್ಣ ಧ್ವನಿಯನ್ನು ಡೇವಿಡ್ ಕೆಂಪ್ 1978ರಲ್ಲಿ ಕಂಡುಹಿಡಿದ ಮೇಲೆ ನಿದ್ದೆಯಲ್ಲಿರುವ ಹಸುಗೂಸಿನ ಕಿವಿಯನ್ನೂ ಪರೀಕ್ಷಿಸುವಂತಾಯಿತು. ಕಿವುಡು ತಡೆಯುವ ರಾಷ್ಟ್ರೀಯ ಕಾರ್ಯಕ್ರಮ ಶುರುವಾದದ್ದು 2006ರ ಹೊತ್ತಿಗೆ.

ಎರಡು ಸಂದರ್ಭಗಳಲ್ಲಿ ಕಾಯಬಾರದು. ರಾತ್ರಿ ಸರಿಯಿದ್ದ ಒಂದು ಕಿವಿ ಬೆಳಗಾಗುವಷ್ಟರಲ್ಲಿ ಕೇಳದಾದರೆ ಸ್ಟೆರಾಯ್ಡ್ ಚಿಕಿತ್ಸೆ ಬೇಗ ಸಿಗಬೇಕು. ತಲೆಸುತ್ತಿನ ಜೊತೆ ಮಾತು ತೊದಲಿದರೆ, ಎರಡೆರಡು ಕಂಡರೆ, ಕೈಕಾಲು ಸೋತರೆ ಅದು ಕಿವಿಯದ್ದಲ್ಲ, ಪಾರ್ಶ್ವವಾಯುವಿರಬಹುದು.