ರೆಡ್ ರಿಬ್ಬನ್ ಕ್ಲಬ್
ಎಚ್‌ಐವಿ, ಲೈಂಗಿಕ ಆರೋಗ್ಯ ಮತ್ತು ಸ್ವಯಂಪ್ರೇರಿತ ರಕ್ತದಾನದ ಅರಿವು ಮೂಡಿಸಲು ರಾಜ್ಯ ಏಡ್ಸ್ ನಿಯಂತ್ರಣ ಸಂಸ್ಥೆಗಳ ನೆರವಿನಿಂದ ಕಾಲೇಜುಗಳಲ್ಲಿ ನಡೆಯುವ ವಿದ್ಯಾರ್ಥಿ ಸಂಘ. ಕರ್ನಾಟಕ, ಆಂಧ್ರಪ್ರದೇಶ ಎರಡರಲ್ಲೂ ಇದೆ. ತರಬೇತಿ ಪಡೆದ ವಿದ್ಯಾರ್ಥಿಗಳೇ ಸಹಪಾಠಿಗಳಿಗೆ ತಿಳಿಹೇಳುವ ಸಮವಯಸ್ಕ ಶಿಕ್ಷಣ ಇದರ ಮುಖ್ಯ ಕ್ರಮವಾಗಿದ್ದು, ಉಪನ್ಯಾಸಕರ ಮುಂದೆ ಬಾಯಿಗೆ ಬಾರದ ಪ್ರಶ್ನೆಗಳು ಇಲ್ಲಿ ಹೊರಬರುತ್ತವೆ. ಮದ್ಯದ ವಿಷಯ ಇದಕ್ಕೆ ಹೊರತಲ್ಲ: ಅಮಲು ವಿವೇಚನೆಯನ್ನು ಕುಂದಿಸಿ ಕಾಂಡೋಮ್ ಬಳಕೆಯನ್ನು ಮರೆಸುತ್ತದೆಯಲ್ಲದೆ, ಕೃತ್ಯದ ಸ್ವರೂಪ ಮತ್ತು ಪರಿಣಾಮ ಅರಿಯಲಾಗದಷ್ಟು ಮತ್ತಿನಲ್ಲಿರುವ ಮಹಿಳೆ ನೀಡಿದ ಸಮ್ಮತಿಯನ್ನು ಕಾನೂನು ಸಮ್ಮತಿಯೆಂದು ಒಪ್ಪುವುದಿಲ್ಲ. ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ, ಅಂದರೆ ಆಪ್ತಸಮಾಲೋಚನೆ ಹಾಗೂ ಪರೀಕ್ಷಾ ಕೇಂದ್ರಗಳಲ್ಲಿ ಎಚ್‌ಐವಿ ಪರೀಕ್ಷೆ ಉಚಿತ. ಅದಕ್ಕೆ ವ್ಯಕ್ತಿಯ ತಿಳಿದ ಒಪ್ಪಿಗೆ ಬೇಕೆಂದೂ ಫಲಿತಾಂಶ ಗೋಪ್ಯವಾಗಿರಬೇಕೆಂದೂ 2017ರ ಎಚ್‌ಐವಿ ಕಾಯ್ದೆ ವಿಧಿಸಿದೆ. ಲೈಂಗಿಕ ಆರೋಗ್ಯ ಸಂಕೋಚದ ವಿಷಯವಾದ್ದರಿಂದ, ಈ ರಾಜ್ಯಗಳ ಭಾಷಾ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ತಾಯ್ನುಡಿಯ ಮಾಹಿತಿ ಹೆಚ್ಚು ಅಗತ್ಯ. ಶುಲ್ಕರಹಿತ ರಾಷ್ಟ್ರೀಯ ಏಡ್ಸ್ ಸಹಾಯವಾಣಿ 1097.